ರೈಸ್ ಆಫ್ ದಿ ರೋನಿನ್: ಒಡನಾಡಿಗಳ ಬಲದ ಮೇಲೆ ನಿಂತ ಆಟ

ಟೀಮ್ ನಿಂಜಾ ಸ್ಟುಡಿಯೊ ರೂಪಿಸಿದ ‘ರೈಸ್ ಆಫ್ ದಿ ರೋನಿನ್’ 2024ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೂ ಮರುವರ್ಷದ ಮಾರ್ಚ್‌ನಲ್ಲಿ ಪಿಸಿಗೂ ಬಿಡುಗಡೆಯಾಯಿತು. ಈ ಆಟದ ಬಗ್ಗೆ ಮಾತು ಬಂದಾಗಲೆಲ್ಲ ಅದರ ಕತ್ತಿವರಸೆ ಅಥವಾ ದೃಶ್ಯಗಳ ಗುಣಮಟ್ಟದ ಚರ್ಚೆಯೇ ಮುಂದಾಗುತ್ತದೆ. ಕಥೆಯನ್ನು ಪೂರ್ತಿ ಮುಗಿಸಿ, ಎದುರು ಪಕ್ಷದ ಕಡೆ ನಿಂತು ಮತ್ತೊಮ್ಮೆ ಆಡಿ, ಆ ನಂತರವೂ ಬಹುಕಾಲ ಅದರಲ್ಲೇ ತಿರುಗಾಡಿರುವ ನನಗೆ ಆಟದ ನಿಜವಾದ ಸತ್ವ ಕಂಡಿರುವುದು ಒಡನಾಡಿಗಳನ್ನು ಸಂಪಾದಿಸುವ ಮತ್ತು ಅವರ ಜೊತೆ ಹೋರಾಡುವ ವ್ಯವಸ್ಥೆಯಲ್ಲಿ. ಆದ್ದರಿಂದ ಈ ವಿಮರ್ಶೆಯನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಕಥೆ ನಡೆಯುವುದು ಟೊಕುಗಾವಾ ಮನೆತನದ ಶೋಗನ್, ಅಂದರೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳ, ಆಡಳಿತದ ಕೊನೆಯ ವರ್ಷಗಳಲ್ಲಿ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿಯ ಕಪ್ಪು ಹಡಗುಗಳು ಜಪಾನಿನ ತೀರಕ್ಕೆ ಬಂದ ಮೇಲೆ ದೇಶದಲ್ಲಿ ಹುಟ್ಟಿಕೊಂಡ ತಳಮಳವೇ ಇದರ ಹಿನ್ನೆಲೆ. ನಾವು ಆಡುವ ಪಾತ್ರ ಗುಪ್ತ ಯೋಧರಾಗಿ ತರಬೇತಿ ಪಡೆದ ಇಬ್ಬರ ಜೋಡಿಯಲ್ಲಿ ಒಬ್ಬರದು. ತನ್ನ ಜೋಡಿಯನ್ನು ಕಳೆದುಕೊಂಡು, ಒಡೆಯನಿಲ್ಲದ ರೋನಿನ್ ಆಗಿ ಆ ಪಾತ್ರ ಯೊಕೊಹಾಮಾ, ಎದೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊ ನಗರಗಳಲ್ಲಿ ಅಲೆಯುತ್ತದೆ. ಯಾರ ಹಂಗೂ ಇಲ್ಲದವನಾದ್ದರಿಂದಲೇ ಶೋಗನ್ ಪರವಾಗಿರುವವರ ಜೊತೆಗೂ ಶೋಗನ್ ಆಡಳಿತವನ್ನು ಉರುಳಿಸಲು ಹೊರಟವರ ಜೊತೆಗೂ ಅವನು ನಂಟು ಬೆಳೆಸಬಲ್ಲ. ಒಡನಾಡಿಗಳ ವ್ಯವಸ್ಥೆ ಅರ್ಥಪೂರ್ಣವಾಗಿರುವುದಕ್ಕೆ ಈ ಕಥಾಸ್ಥಿತಿಯೇ ಮೊದಲ ಕಾರಣ.

ಒಡನಾಡಿಗಳಾಗಿ ಬರುವವರಲ್ಲಿ ಹೆಚ್ಚಿನವರು ಇತಿಹಾಸದಲ್ಲಿ ನಿಜವಾಗಿ ಬದುಕಿದ್ದವರು. ಸಕಾಮೊಟೊ ರ್‍ಯೋಮಾ ಯೊಕೊಹಾಮಾದಲ್ಲೇ ಜೊತೆಯಾಗುತ್ತಾನೆ. ಮುಂದೆ ಶೋಗನ್ ವಿರೋಧಿಗಳಾದ ಕತ್ಸುರಾ ಕೊಗೊರೊ, ತಕಸುಗಿ ಶಿನ್ಸಾಕು, ಶೋಗನ್ ಪರವಾಗಿ ಹೋರಾಡಿದ ಶಿನ್‌ಸೆನ್‌ಗುಮಿ ದಳದ ಕೊಂಡೊ ಇಸಾಮಿ, ಹಿಜಿಕಾತಾ ತೊಶಿಜೊ ಮತ್ತು ಒಕಿತಾ ಸೋಜಿ, ನಾಗಿನಾತಾ ಎಂಬ ಉದ್ದ ಹಿಡಿಕೆಯ ಆಯುಧದಲ್ಲಿ ಹೆಸರು ಮಾಡಿದ ನಕಜಾವಾ ಕೊಟೊ ಮುಂತಾದವರು ಒಬ್ಬೊಬ್ಬರಾಗಿ ಪರಿಚಯವಾಗುತ್ತಾರೆ. ಇವರನ್ನು ಹಣ ಕೊಟ್ಟು ನೇಮಿಸಿಕೊಳ್ಳುವಂತಿಲ್ಲ, ಅಂಗಡಿಯ ಪಟ್ಟಿಯಿಂದ ಆರಿಸಿಕೊಳ್ಳುವಂತೆಯೂ ಇಲ್ಲ. ಮುಖ್ಯ ಕಥೆಯಲ್ಲಿ ಭೇಟಿಯಾಗಬೇಕು, ಅವರು ಒಪ್ಪಿಸುವ ಉಪ ಮಿಷನ್‌ಗಳನ್ನು ಮಾಡಿಕೊಡಬೇಕು, ಮಾತನಾಡುವಾಗ ಅವರ ಮನಸ್ಸಿಗೆ ಹಿಡಿಸುವ ಉತ್ತರ ಕೊಡಬೇಕು. ಹೀಗೆ ನಂಟಿನ ಮಟ್ಟ ಏರಿದಂತೆ ಅವರ ಕತ್ತಿವರಸೆಯ ಪದ್ಧತಿಗಳೂ ಕೆಲವು ಉಡುಗೊರೆಗಳೂ ನಮ್ಮ ಪಾಲಿಗೆ ಬರುತ್ತವೆ. ರ್‍ಯೋಮಾನ ಹೊಕುಶಿನ್ ಇತ್ತೊ ಪದ್ಧತಿ ಮತ್ತು ಒಕಿತಾನ ತೆನ್ನೆನ್ ರಿಶಿನ್ ಪದ್ಧತಿ ಎರಡೂ ಆ ವ್ಯಕ್ತಿಗಳು ನಿಜ ಜೀವನದಲ್ಲಿ ಅಭ್ಯಾಸ ಮಾಡಿದ್ದವೇ ಆಗಿರುವುದು ತಯಾರಕರ ಶ್ರದ್ಧೆಗೆ ಸಾಕ್ಷಿ. ಸ್ನೇಹದ ಪ್ರತಿಫಲವಾಗಿ ಅಂಕಿಸಂಖ್ಯೆಗಳ ಏರಿಕೆಯಷ್ಟೇ ಸಿಗದೆ ಒಬ್ಬರು ಇನ್ನೊಬ್ಬರಿಗೆ ಕಲಿಸಿಕೊಟ್ಟ ವಿದ್ಯೆ ಸಿಗುತ್ತದೆ ಎಂಬ ಕಲ್ಪನೆ ನನಗೆ ತುಂಬ ಇಷ್ಟವಾಯಿತು.

ನಾವು ತಂಗುವ ಮನೆಗೆ ಒಡನಾಡಿಗಳು ಬಂದು ಹೋಗುತ್ತಾರೆ. ಅಲ್ಲಿ ಅವರಿಗೆ ಉಡುಗೊರೆ ಕೊಡಬಹುದು. ಒಬ್ಬೊಬ್ಬರ ಅಭಿರುಚಿ ಒಂದೊಂದು ಬಗೆ ಇರುವುದರಿಂದ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುವುದಕ್ಕಿಂತ ಅವರವರಿಗೆ ತಕ್ಕದ್ದನ್ನು ಎತ್ತಿಟ್ಟುಕೊಳ್ಳುವುದು ಲೇಸು. ಆದರೂ ನಂಟನ್ನು ಉಡುಗೊರೆಗಳಿಂದಲೇ ಬೆಳೆಸಲು ಹೋಗಬಾರದೆಂದು ಹೊಸ ಆಟಗಾರರಿಗೆ ಒತ್ತಿ ಹೇಳುತ್ತೇನೆ. ನಕ್ಷೆಯ ಮೇಲೆ ಒಡನಾಡಿಯ ಗುರುತು ಕಂಡ ತಕ್ಷಣ ಹೋಗಿ ಮಾತನಾಡಿಸಿದರೆ, ಉಡುಗೊರೆಯ ಮೂಲಕ ಎಂದೂ ತಿಳಿಯದ ಅವರ ಭಯ, ಹಟ ಮತ್ತು ಕನಸುಗಳು ಆ ಮಿಷನ್‌ಗಳಲ್ಲಿ ಹೊರಬರುತ್ತವೆ. ಮುಂದೆ ಕಥೆ ನಿಮ್ಮನ್ನು ಅವರ ಎದುರು ನಿಲ್ಲಿಸಿದಾಗ ಆ ತಿಳಿವಳಿಕೆಯೇ ನಿಮ್ಮ ಕೈಯನ್ನು ತಡೆಯುತ್ತದೆ.

ಹೋರಾಟದ ವಿಚಾರಕ್ಕೆ ಬಂದರೆ, ಬಹಳಷ್ಟು ಮುಖ್ಯ ಮಿಷನ್‌ಗಳಿಗೆ ಇಬ್ಬರವರೆಗೆ ಒಡನಾಡಿಗಳನ್ನು ಕರೆದೊಯ್ಯಬಹುದು. ಇಲ್ಲಿರುವ ಅತ್ಯುತ್ತಮ ಸಂಗತಿಯೆಂದರೆ ಕಾಳಗದ ನಡುವೆಯೇ ಒಂದು ಗುಂಡಿ ಒತ್ತಿ ನಾಯಕನನ್ನು ಬಿಟ್ಟು ಒಡನಾಡಿಯನ್ನು ನಾವೇ ಆಡಿಸಬಹುದು. ಆಗ ಅವರ ಆಯುಧ, ಅವರ ಪಟ್ಟುಗಳು, ಅವರ ನಡೆಯ ವೇಗ ಎಲ್ಲವೂ ನಮ್ಮ ವಶಕ್ಕೆ ಬರುತ್ತವೆ. ನಾಯಕ ನೆಲಕ್ಕುರುಳಿದರೆ ಆಟ ಅಲ್ಲಿಗೇ ಮುಗಿಯುವುದಿಲ್ಲ. ಉಳಿದ ಒಡನಾಡಿಯಾಗಿ ಕಾಳಗ ಮುಂದುವರಿಸಿ, ಸಮಯ ನೋಡಿ ಬಿದ್ದವನನ್ನು ಎಬ್ಬಿಸಬಹುದು. ಬಾಸ್, ಅಂದರೆ ಮಿಷನ್‌ನ ಮುಖ್ಯ ಬಲಿಷ್ಠ ಎದುರಾಳಿ, ಬಲವಾದ ಹೊಡೆತಕ್ಕೆ ಸಜ್ಜಾಗುತ್ತಿರುವಾಗ ಅದರ ಗುರಿಯಾದ ಪಾತ್ರವನ್ನು ಬಿಟ್ಟು, ಬಾಸ್‌ನ ಬೆನ್ನ ಹಿಂದೆ ನಿಂತಿರುವ ಒಡನಾಡಿಗೆ ಬದಲಾಗುವುದು ನನ್ನ ರೂಢಿ. ಮುಂದಿನಿಂದ ಅಲುಗಾಡದ ಎದುರಾಳಿಯ ಕಿ, ಅಂದರೆ ದಮ್ಮು, ಹಿಂದಿನಿಂದ ಬೀಳುವ ಸತತ ಹೊಡೆತಗಳಿಗೆ ಬೇಗ ಕರಗುತ್ತದೆ. ಎದುರಾಳಿಯ ಹೊಡೆತವನ್ನು ಸರಿಯಾದ ಕ್ಷಣದಲ್ಲಿ ತಟ್ಟಿ ಹಿಮ್ಮೆಟ್ಟಿಸುವ ಕೌಂಟರ್‌ಸ್ಪಾರ್ಕ್ ಕೈಗೆ ಕೂರುವ ತನಕ ಈ ಉಪಾಯವೇ ಹೊಸಬರಿಗೆ ದೊಡ್ಡ ಆಸರೆ.

ಯಾರನ್ನು ಕರೆದೊಯ್ಯಬೇಕು ಎಂಬ ಪ್ರಶ್ನೆಗೆ ಎಲ್ಲ ಸಂದರ್ಭಕ್ಕೂ ಹೊಂದುವ ಉತ್ತರವಿಲ್ಲ. ಎದುರಾಳಿಯ ಆಯುಧಕ್ಕೆ ತಕ್ಕಂತೆ ಕೆಲವು ಪದ್ಧತಿಗಳು ಹೆಚ್ಚು ಪರಿಣಾಮ ಬೀರುತ್ತವೆ, ಕೆಲವು ಸೋಲುತ್ತವೆ. ಆದ್ದರಿಂದ ಅತಿ ಬಲಶಾಲಿಗಳಿಬ್ಬರನ್ನು ಜೊತೆಗಿಟ್ಟುಕೊಳ್ಳುವುದಕ್ಕಿಂತ ನಮ್ಮ ಕೈಯಲ್ಲಿಲ್ಲದ ಆಯುಧ ಹಿಡಿದವರನ್ನು ಕರೆದೊಯ್ಯುವುದು ಜಾಣತನ. ನಾನು ಕತ್ತಿ ಹಿಡಿದಿದ್ದರೆ ಕೊಟೊವನ್ನು ಕರೆಯುತ್ತೇನೆ, ಏಕೆಂದರೆ ಆಕೆಯ ನಾಗಿನಾತಾ ಗುಂಪುಗೂಡಿದ ಶತ್ರುಗಳನ್ನು ದೂರವಿಡುತ್ತದೆ. ಈಟಿ ಹಿಡಿದಿದ್ದರೆ ಒಕಿತಾನ ಚುರುಕು ಬೇಕೆನಿಸುತ್ತದೆ. ಕತ್ತಿಯ ಜೊತೆಗೆ ಪಿಸ್ತೂಲನ್ನೂ ಬಳಸುವ ರ್‍ಯೋಮಾ ಎಲ್ಲ ಸಂದರ್ಭಕ್ಕೂ ಒಗ್ಗುವ ಒಡನಾಡಿ. ಗಣಕ ನಡೆಸುವ ಒಡನಾಡಿಗಳು ಬಾಸ್‌ಗಳನ್ನು ತಾವಾಗಿಯೇ ಸೋಲಿಸಿಕೊಡುತ್ತಾರೆಂದು ನಿರೀಕ್ಷಿಸಬೇಡಿ. ಶತ್ರುವಿನ ಗಮನವನ್ನು ಕೆಲವು ಕ್ಷಣ ತಮ್ಮ ಕಡೆಗೆ ಸೆಳೆದುಕೊಳ್ಳುವುದೇ ಅವರಿಂದಾಗುವ ದೊಡ್ಡ ಉಪಕಾರ, ಮತ್ತು ಆ ಬಿಡುವನ್ನು ಬಳಸಿಕೊಳ್ಳುವುದು ನಮಗೆ ಬಿಟ್ಟದ್ದು.

ಇಷ್ಟೇ ಆಗಿದ್ದರೆ ಇದು ಅಚ್ಚುಕಟ್ಟಾದ ಕಾಳಗ ವ್ಯವಸ್ಥೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಈ ಆಟವನ್ನು ನಾನು ಇಷ್ಟು ಹಚ್ಚಿಕೊಳ್ಳಲು ಕಾರಣ, ಒಡನಾಡಿಗಳು ಪರಸ್ಪರ ಶತ್ರು ಪಾಳೆಯಗಳಿಗೆ ಸೇರಿದವರಾಗಿರುವುದು. 1860ರಲ್ಲಿ ಎದೊ ಕೋಟೆಯ ಸಾಕುರಾದಾ ಬಾಗಿಲಿನ ಹೊರಗೆ ಶೋಗನ್ ಆಡಳಿತದ ಮುಖ್ಯಸ್ಥ ಇಯಿ ನಾವೊಸುಕೆಯ ಹತ್ಯೆ ನಡೆಯಿತು. ಆಟದಲ್ಲಿ ಆ ಘಟನೆಗೆ ಬಂದಾಗ ಅವನನ್ನು ಕಾಯುವವರ ಜೊತೆ ನಿಲ್ಲಬೇಕೋ ಕೊಲ್ಲುವವರ ಜೊತೆ ನಿಲ್ಲಬೇಕೋ ಎಂದು ನಾವೇ ತೀರ್ಮಾನಿಸಬೇಕು. ಅಷ್ಟು ಹೊತ್ತಿಗೆ ಎರಡೂ ಕಡೆಯವರು ನಮಗೆ ಪರಿಚಿತರಾಗಿರುತ್ತಾರೆ. ನಿನ್ನೆಯ ಮಿಷನ್‌ನಲ್ಲಿ ನಮ್ಮನ್ನು ನೆಲದಿಂದ ಎಬ್ಬಿಸಿದವನ ಮೇಲೆಯೇ ಇಂದು ಕತ್ತಿ ಎತ್ತಬೇಕಾಗಿ ಬರುವ ಆ ಸಂಕಟವನ್ನು ಬೇರೆ ಸಮುರಾಯ್ ಆಟಗಳಲ್ಲಿ ನಾನು ಈ ಪ್ರಮಾಣದಲ್ಲಿ ಅನುಭವಿಸಿಲ್ಲ. ಆ ಕಾಲದ ಜಪಾನಿನಲ್ಲಿ ಪಕ್ಷಗಳ ಗೆರೆ ಎಷ್ಟು ತೆಳುವಾಗಿತ್ತೆಂಬುದನ್ನೂ ಆಟ ಚೆನ್ನಾಗಿ ಹಿಡಿದಿದೆ. 1862ರಲ್ಲಿ ಶೋಗನ್ ಆಡಳಿತದ ಅಧಿಕಾರಿ ಕತ್ಸು ಕೈಶುನನ್ನು ಕೊಲ್ಲುವ ಉದ್ದೇಶದಿಂದ ಹೋದ ರ್‍ಯೋಮಾ ಅವನ ಮಾತು ಕೇಳಿ ಶಿಷ್ಯನಾಗಿ ಉಳಿದನೆಂಬ ಪ್ರಸಿದ್ಧ ವೃತ್ತಾಂತವನ್ನು ಬಲ್ಲವರಿಗೆ ಇಲ್ಲಿನ ಸ್ನೇಹಗಳು ಕೃತಕವೆನಿಸುವುದಿಲ್ಲ. ರ್‍ಯೋಮಾ 1867ರಲ್ಲಿ ಕ್ಯೋಟೊದಲ್ಲಿ ಹತನಾದದ್ದು, ಒಕಿತಾ ಮರುವರ್ಷ ಕ್ಷಯರೋಗದಿಂದ ತೀರಿಕೊಂಡದ್ದು ಗೊತ್ತಿದ್ದವರಿಗೆ ಇವರನ್ನು ಪ್ರತಿ ಸಲ ಜೊತೆಗೆ ಕರೆಯುವಾಗಲೂ ಮನಸ್ಸು ಭಾರವಾಗುತ್ತದೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಒಡನಾಡಿಗಳ ನೆರವು ಮಿಷನ್‌ಗಳಿಗೆ ಸೀಮಿತ. ಕುದುರೆ ಏರಿ ತೆರೆದ ನಕ್ಷೆಯಲ್ಲಿ ತಿರುಗುವಾಗ, ದರೋಡೆಕೋರರ ಬಿಡಾರಗಳನ್ನು ತೆರವುಗೊಳಿಸುವಾಗ ನಾವು ಒಬ್ಬರೇ. ಇಷ್ಟೊಂದು ಜನರ ಜೊತೆ ನಂಟು ಬೆಳೆಸಿದ ಮೇಲೂ ಹಾದಿಯಲ್ಲಿ ಮಾತಿಗೊಬ್ಬರು ಇಲ್ಲವೆಂಬುದು ಬಹಳ ಕಾಲ ಆಡಿದವರನ್ನು ಹೆಚ್ಚು ಕಾಡುತ್ತದೆ. ಪಾತ್ರಗಳ ಸಂಖ್ಯೆಯೂ ಮಿತಿಮೀರಿದೆ. ರ್‍ಯೋಮಾ, ಕತ್ಸುರಾರಂಥವರಿಗೆ ಸಿಕ್ಕ ಆಳ ಅನೇಕರಿಗೆ ಸಿಕ್ಕಿಲ್ಲ, ಹಾಗಾಗಿ ಕೆಲವರ ನಂಟಿನ ಮಟ್ಟ ಏರಿದರೂ ಅವರ ಪರಿಚಯ ಅಲ್ಲೇ ನಿಂತಿರುತ್ತದೆ. ಇನ್ನು, ಟೆಸ್ಟಮೆಂಟ್ ಆಫ್ ದಿ ಸೋಲ್ ಎಂಬ ವ್ಯವಸ್ಥೆಯ ಮೂಲಕ ಹಿಂದಿನ ಮಿಷನ್‌ಗಳಿಗೆ ಮರಳಿ ಬೇರೆ ತೀರ್ಮಾನ ತೆಗೆದುಕೊಳ್ಳಬಹುದು. ಬಿಟ್ಟುಹೋದುದನ್ನು ನೋಡಲು ಇದು ಅನುಕೂಲವೇ ಆದರೂ, ಸ್ನೇಹಿತನೊಬ್ಬನ ವಿರುದ್ಧ ನಿಂತ ತೀರ್ಮಾನದ ತೂಕವನ್ನು ಇದು ಕಡಿಮೆ ಮಾಡುತ್ತದೆ. ಮೊದಲ ಸಲ ಆಡುವವರು ಕಥೆ ಮುಗಿಯುವವರೆಗೆ ಇದರ ಗೊಡವೆಗೆ ಹೋಗದಿರುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡುವವರಿಗೆ ಮಿಷನ್‌ಗಳಲ್ಲಿ ಒಡನಾಡಿಗಳ ಸ್ಥಾನವನ್ನು ಬೇರೆ ಆಟಗಾರರು ತುಂಬುವ ಸೌಲಭ್ಯವಿದೆ, ಒಟ್ಟು ಮೂವರು ಆಡಬಹುದು. ಕಠಿಣ ಬಾಸ್‌ಗಳ ಮುಂದೆ ಇದು ಗಣಕದ ಒಡನಾಡಿಗಳಿಗಿಂತ ಎಷ್ಟೋ ಪರಿಣಾಮಕಾರಿ. ಆದರೆ ಕಥೆಯ ಮುಖ್ಯ ತಿರುವುಗಳನ್ನು ನಾನು ಒಬ್ಬನೇ ಆಡಲು ಬಯಸುತ್ತೇನೆ, ಏಕೆಂದರೆ ಆ ಮಿಷನ್‌ಗಳಲ್ಲಿ ಪಕ್ಕದಲ್ಲಿ ರ್‍ಯೋಮಾ ಇರುವುದೇ ಸರಿ. ಕಷ್ಟದ ಮಟ್ಟಗಳು ಆರಂಭದಲ್ಲಿ ಮೂರಿವೆ. ಒಡನಾಡಿಗಳನ್ನು ಬದಲಾಯಿಸುತ್ತ ಆಡುವ ಕಲೆ ನಿಜವಾಗಿ ಬೇಕಾಗುವುದು ನಡುವಿನ ಮಟ್ಟದಿಂದ ಮೇಲಕ್ಕೆ. ಸುಲಭದ ಮಟ್ಟದಲ್ಲಿ ನಾಯಕನೊಬ್ಬನೇ ಸಾಕಾಗುವುದರಿಂದ ಈ ವ್ಯವಸ್ಥೆ ಗಮನಕ್ಕೇ ಬಾರದೆ ಹೋಗುವ ಸಾಧ್ಯತೆಯಿದೆ. ಹಾಗಾಗಿ ಮೊದಲ ಬಾರಿಗೆ ಆಡುವವರು ನಡುವಿನ ಮಟ್ಟವನ್ನೇ ಆರಿಸಿಕೊಂಡು, ಯೊಕೊಹಾಮಾದಲ್ಲಿ ಒಡನಾಡಿಗಳ ಜೊತೆ ಸಿಗುವ ಮೊದಲ ಮಿಷನ್‌ನಲ್ಲೇ ಪಾತ್ರ ಬದಲಾಯಿಸುವ ಗುಂಡಿಯನ್ನು ಕೈಗೆ ರೂಢಿ ಮಾಡಿಕೊಳ್ಳಬೇಕು.