ಎರಡೂವರೆ ವರ್ಷ ಕಾರ್ಬನ್ ಫಿಲ್ಟರ್ ನೀರು ಕುಡಿದ ಮೇಲೆ

ನಮ್ಮ ಮನೆಗೆ ಬರುವುದು ಬರೀ ಕಾವೇರಿ ನೀರು. ಉಪ್ಪಿನಂಶ ಕಡಿಮೆ, ಹಾಗಾಗಿ ಲವಣ ತೆಗೆಯುವ ಆರ್‌ಒ ಬೇಡ ಅಂತ ಕಾರ್ಬನ್ ಬ್ಲಾಕ್ (ಅಂದರೆ ಇದ್ದಿಲಿನ ಗಟ್ಟಿ) ಮತ್ತು ಯುವಿ ದೀಪ ಮಾತ್ರ ಇರುವ ಯಂತ್ರ ತಂದೆವು.

ಮರುದಿನ ಬೆಳಗಿನ ಕಾಫಿ ಇನ್ನೂ ನೆನಪಿದೆ. ಡಿಕಾಕ್ಷನ್‌ನಲ್ಲಿ ಕ್ಲೋರಿನ್ ವಾಸನೆ ಇಲ್ಲ, ಬರೀ ಕಾಫಿಯ ಘಮ! ಆಮೇಲೆ ಮಳೆಗಾಲ ಬಂದಾಗ ನಲ್ಲಿ ನೀರಿನ ಮಣ್ಣುವಾಸನೆಯೂ ಕುಡಿಯುವ ನೀರಿಗೆ ಬರಲಿಲ್ಲ. ಆ ವಾಸನೆ ಜಿಯೋಸ್ಮಿನ್ ಎಂಬ ಸಾವಯವ ವಸ್ತುವಿನದು, ನೀಲಿಹಸಿರು ಪಾಚಿಯಂಥವು ಹುಟ್ಟಿಸುವುದು. ಬ್ಲಾಕ್‌ನಲ್ಲಿರುವ ತೆಂಗಿನ ಚಿಪ್ಪಿನ ಇದ್ದಿಲು ಅದನ್ನು ಹಿಡಿದುಕೊಂಡುಬಿಡುತ್ತೆ. ಒಂದು ಗ್ರಾಂ ಇದ್ದಿಲಿನ ಒಳಮೈ ಸುಮಾರು 1,000 ಚದರ ಮೀಟರ್! ಕೀಟನಾಶಕದ ಅಂಶ, ಕ್ಲೋರಿನ್ ನೀರಿನ ಸಾವಯವ ಕೊಳೆಯ ಜೊತೆ ಸೇರಿ ಆಗುವ ಟ್ರೈಹ್ಯಾಲೋಮೀಥೇನ್, ಎಲ್ಲ ಅಲ್ಲೇ ಅಂಟಿಕೊಳ್ಳುತ್ತವೆ.

ಆದರೆ ಆ ಜಾಗ ಭರ್ತಿಯಾಯಿತು ಅಂತ ಹೇಳುವವರು ಯಾರು? ಫಿಲ್ಟರ್ ಬದಲಿಸಿ ಅಂತ ಹೇಳಬೇಕಾದ ಯಂತ್ರದ ದೀಪ ಎಣಿಸುವುದು ದಿನಗಳನ್ನು ಮಾತ್ರ. ತಿಂಗಳು ಮನೆಗೆ ಬೀಗ ಹಾಕಿದ್ದರೂ ಅದೇ ಲೆಕ್ಕ, ಮದುವೆಗೆ ಬಂದ ನೆಂಟರು ವಾರ ಉಳಿದರೂ ಅದೇ ಲೆಕ್ಕ. ಕಳೆದ ಬೇಸಿಗೆಯಲ್ಲಿ ದೀಪ ಹಸಿರಾಗಿದ್ದಾಗಲೇ ಕಾಫಿಗೆ ಕ್ಲೋರಿನ್ ವಾಸನೆ ಮರಳಿತು. ಸರ್ವಿಸ್ ಹುಡುಗ ಬಂದು ಟಿಡಿಎಸ್ ಮೀಟರ್ ಅದ್ದಿ, "ನೀರು ಚೆನ್ನಾಗಿದೆ ಸಾರ್" ಅಂದ. ನನಗೆ ನಿಜಕ್ಕೂ ಸಿಟ್ಟು ಬಂತು. ಆ ಮೀಟರ್ ಅಳೆಯುವುದು ಕರಗಿದ ಲವಣವನ್ನು. ಕೀಟನಾಶಕದ ಅಂಶ ಇದ್ದರೂ ಅಂಕಿ ಕದಲುವುದಿಲ್ಲ. ಯುವಿ ಕ್ರಿಮಿ ಕೊಲ್ಲುತ್ತೆ, ರಾಸಾಯನಿಕ ತೆಗೆಯಲ್ಲ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಟ್ರೈಹ್ಯಾಲೋಮೀಥೇನ್ ಹಿಡಿಯುವ ಶಕ್ತಿ ಸಾಮಾನ್ಯವಾಗಿ ಆಗಲೇ ಮುಗಿದಿರುತ್ತೆ. ಎಷ್ಟು ಲೀಟರ್ ಹರಿಯಿತು ಅಂತ ತೋರಿಸುವ ಚಿಕ್ಕ ಮೀಟರ್ ಒಂದನ್ನು ಕೂರಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಈಗ ನಾನೇ ಲೆಕ್ಕ ಇಡುತ್ತೇನೆ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಕೊಡ, 12 ಲೀಟರ್. ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಸಿಲಿಂಡರ್ ತಾರೀಖಿನ ಪಕ್ಕ ಗೀಟು. ಇದ್ದಿಲಿನ ಕಾರ್ಟ್ರಿಡ್ಜ್‌ನ ಡಬ್ಬದ ಮೇಲೆ ಬರೆದ ಲೀಟರಿನ ಮುಕ್ಕಾಲು ಪಾಲಿಗೇ ಅದರ ಬದಲಾವಣೆ. ವರ್ಷಕ್ಕೆ ಎರಡು ಕಾರ್ಟ್ರಿಡ್ಜ್, ಒಂದಕ್ಕೆ 950 ರೂಪಾಯಿ. ನಮ್ಮ ಕೈಗೆಟುಕುವ ಖರ್ಚೇ. ರಾತ್ರಿಯಿಡೀ ಇದ್ದಿಲಿನಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು, ಅದಕ್ಕೆ ಬೆಳಿಗ್ಗೆ ಮೊದಲ ಚೊಂಬು ತುಳಸಿಗೆ. ಭಾನುವಾರ ಒಂದು ಚೊಂಬಿಗೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ಅರ್ಧ ತುಂಬಿ, ಅಂಗೈ ಮುಚ್ಚಿ ಕುಲುಕಿ ಮೂಸುತ್ತೇನೆ. ಮಗಳಿಗೂ ಕಲಿಸಿದ್ದೇನೆ, ಅವಳ ಮೂಗು ನನಗಿಂತ ಚುರುಕು.

ಬೋರ್‌ವೆಲ್ ನೀರಿನವರು ಇದೊಂದನ್ನೇ ನಂಬಿ ಕೂರಬೇಡಿ, ಫ್ಲೋರೈಡ್, ನೈಟ್ರೇಟ್ ಈ ಇದ್ದಿಲಿಗೆ ಸಿಗುವುದಿಲ್ಲ. ನಾವಂತೂ ಯಂತ್ರ ಬದಲಾಯಿಸುವುದಿಲ್ಲ. ಮುಂದಿನ ಕಾರ್ಟ್ರಿಡ್ಜ್ ಆಗಲೇ ಅಕ್ಕಿ ಡಬ್ಬದ ಹಿಂದೆ ಬಂದು ಕೂತಿದೆ.