ಏಳಕ್ಕೆ ದೀಪ ಆರಿಸುವ ಕಚೇರಿ: ಒಂದು ಕೋ-ವರ್ಕಿಂಗ್ ಜಾಗದಲ್ಲಿ ಎಂಟು ತಿಂಗಳು

ನಾನು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸವನ್ನು ಸ್ವಂತವಾಗಿ ಮಾಡಿಕೊಂಡಿರುವವಳು. ಎಂಟು ತಿಂಗಳಿಂದ ಮೈಸೂರಿನ ಒಂದು ಕೋ-ವರ್ಕಿಂಗ್ ಕಚೇರಿಯಲ್ಲಿ, ಅಂದರೆ ಬೇರೆ ಬೇರೆ ಕೆಲಸದವರು ಹಂಚಿಕೊಂಡು ಬಳಸುವ ಕಚೇರಿಯಲ್ಲಿ, ತಿಂಗಳ ಬಾಡಿಗೆಗೆ ಮೇಜು ಹಿಡಿದಿದ್ದೇನೆ. ದೂರುವುದಕ್ಕೂ ಕೆಲವು ಸಂಗತಿಗಳಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಹಣದ ಲೆಕ್ಕ. ಮೇಜೊಂದಕ್ಕೆ ತಿಂಗಳಿಗೆ 4,500 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 5,310 ರೂಪಾಯಿ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ನೋಂದಣಿ ಇಲ್ಲದ ನನ್ನಂಥವರಿಗೆ, ಕಟ್ಟಿದ ಈ 810 ರೂಪಾಯಿಯನ್ನು ಜಿಎಸ್‌ಟಿ ಲೆಕ್ಕದಲ್ಲಿ ಹೊಂದಿಸಿಕೊಳ್ಳುವ ದಾರಿಯೂ ಇಲ್ಲ. ವರ್ಷಕ್ಕೆ ಒಟ್ಟು 63,720 ರೂಪಾಯಿ. ಸಂಬಳದಾರರಿಗಿರುವ ಭವಿಷ್ಯನಿಧಿ ನಮಗಿಲ್ಲವಾದ್ದರಿಂದ ಅದೇ ಹಣವನ್ನು ಪಿಪಿಎಫ್ (ಸಾರ್ವಜನಿಕ ಭವಿಷ್ಯನಿಧಿ) ಖಾತೆಗೆ ಹಾಕಬಹುದಿತ್ತಲ್ಲ ಎಂದು ನನ್ನ ಅಣ್ಣ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಮೊದಲ ಎರಡು ತಿಂಗಳು ನನ್ನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಮನೆಯಲ್ಲಿ ಕುಳಿತು ಆರು ವರ್ಷ ಕೆಲಸ ಮಾಡಿದ್ದೆ. ಹೊರಗಿನಿಂದ ನೋಡಿದವರಿಗೆ ಅದು ಸುಖದ ಬದುಕು. ಒಳಗೆ ನಡೆಯುತ್ತಿದ್ದುದು ಬೇರೆ. 'ಹೇಗೂ ಮನೇಲೇ ಇರ್ತೀಯಲ್ಲಮ್ಮ, ಗ್ಯಾಸಿನವರು ಬಂದರೆ ಸಿಲಿಂಡರ್ ತಗೊಂಡುಬಿಡು' ಎಂದು ಅತ್ತೆ ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪಕ್ಕದ ಮನೆಯ ಕೊರಿಯರ್, ಮಗಳ ಶಾಲೆಯ ವ್ಯಾನು, ನೀರಿನ ಟ್ಯಾಂಕು, ಎಲ್ಲವೂ ಆ 'ಹೇಗೂ' ಎಂಬ ಮಾತಿನ ಬೆನ್ನುಹತ್ತಿ ಬರುತ್ತಿದ್ದವು. ಹಗಲು ಹೀಗೆ ಚೂರುಚೂರಾಗಿ ಹೋದ ಮೇಲೆ ಕೆಲಸ ರಾತ್ರಿಗೆ ಸರಿಯುತ್ತಿತ್ತು. 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತಕ್ಕೆ ತಂದಾಗ ಅರ್ಕಾವತ್ತು ಸ್ಥಾನ ತಪ್ಪುವುದುಂಟು, ಒತ್ತಕ್ಷರ ಕಳಚಿಕೊಳ್ಳುವುದುಂಟು. ಅವನ್ನು ಕಣ್ಣಿಟ್ಟು ಹಿಡಿಯಬೇಕಾದ ಹೊತ್ತಿನಲ್ಲಿ ಕಣ್ಣು ತೂಗುತ್ತಿತ್ತು. ಒಮ್ಮೆ 'ಧರ್ಮ' ಎಂಬ ಪದ ಒಂದು ಅಧ್ಯಾಯದುದ್ದಕ್ಕೂ 'ಧಮ' ಎಂದೇ ಅಚ್ಚಾಗಿ ಹೋಯಿತು. ಮರುಮುದ್ರಣದಲ್ಲಿ ಸರಿಪಡಿಸಿದರು, ಆದರೆ ಆ ಪ್ರಕಾಶಕರು ಮತ್ತೆ ಫೋನು ಮಾಡಲಿಲ್ಲ.

ಇನ್ನೂ ಒಂದು ವಿಷಯವನ್ನು ಹೇಳಲೇಬೇಕು. ಭಾಷೆಯ ಕೆಲಸ ಮಾಡುವವರಿಗೆ ಪ್ರಬಂಧ ತಿದ್ದಿಕೊಡಿ ಎಂಬ ಕರೆಗಳ ನಡುವೆ ಪ್ರಬಂಧವನ್ನೇ ಬರೆದುಕೊಡಿ ಎಂಬ ಕರೆಗಳೂ ಬರುತ್ತವೆ. ತಿದ್ದುವುದು ನನ್ನ ಕಸುಬು, ಬೇರೆಯವರ ಪಿಎಚ್.ಡಿ.ಯನ್ನು ಬರೆದುಕೊಡುವುದು ಮೋಸ. ಹಗಲಿನಲ್ಲಿ ಇದು ನನಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಬಾಕಿ ಹಣ ಬಾರದ ತಿಂಗಳಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಮುಂಗಡ ಕೊಡುತ್ತೇನೆಂಬ ದನಿ ಕೇಳಿಸಿದಾಗ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಒಂದು ಸಲ 'ನೋಡೋಣ ಸರ್' ಎಂದುಬಿಟ್ಟೆ. ಮಾರನೆಯ ದಿನ ಅದರಿಂದ ಹಿಂದೆ ಸರಿಯಲು ಹೇಳಿದ ಸುಳ್ಳು, ಕೆಲಸ ಒಪ್ಪಿಕೊಂಡಿದ್ದರೆ ಆಗುತ್ತಿದ್ದಷ್ಟೇ ನಾಚಿಕೆ ತರಿಸಿತು.

ಕಚೇರಿ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚುತ್ತದೆ. ಆರೂ ಮುಕ್ಕಾಲಿಗೆ ಅಲ್ಲಿನ ಸಹಾಯಕರು ಹಿಂದಿನ ಸಾಲಿನಿಂದ ಒಂದೊಂದೇ ದೀಪ ಆರಿಸುತ್ತ ಬರುತ್ತಾರೆ. ನನ್ನ ಮೇಜಿನ ಬಳಿ ನಿಂತು 'ಮೇಡಂ, ಆಯ್ತಾ?' ಎನ್ನುತ್ತಾರೆ. ಮೊದಲ ತಿಂಗಳ ಅಭಿಪ್ರಾಯ ಪುಸ್ತಕದಲ್ಲಿ ನಾನು ಬರೆದದ್ದು ಇದೇ ದೂರನ್ನು: ಇಷ್ಟು ಬಾಡಿಗೆ ಪಡೆದು ಏಳಕ್ಕೇ ಹೊರಗೆ ಕಳಿಸುವುದು ಯಾವ ನ್ಯಾಯ? ಮೂರನೆಯ ತಿಂಗಳ ಹೊತ್ತಿಗೆ ನಾನು ಆ ದೀಪಗಳಿಗೇ ಹಣ ಕೊಡುತ್ತಿದ್ದೇನೆಂದು ಗೊತ್ತಾಯಿತು. ಕಂಪ್ಯೂಟರು ಅಲ್ಲಿಯ ಲಾಕರಿನಲ್ಲಿ ಉಳಿಯುತ್ತದೆ, ರಾತ್ರಿ ಬಂದ ಕರೆಗೆ 'ಬೆಳಿಗ್ಗೆ ಕಚೇರಿಗೆ ಹೋಗಿ ನೋಡಿ ಹೇಳುತ್ತೇನೆ' ಎಂಬ ಉತ್ತರ ತಾನಾಗಿಯೇ ಬರುತ್ತದೆ. ಬೆಳಿಗ್ಗೆ 'ಆಗುವುದಿಲ್ಲ' ಎನ್ನುವುದು ಸುಲಭ.

ಈ ಬಗೆಯ ಕಚೇರಿಗಳ ಮೂಲದಲ್ಲೂ ಹೀಗೆ ಹೊತ್ತಿಗೆ ಸರಿಯಾಗಿ ಮುಚ್ಚುವ ನಿಯಮವೇ ಇದೆ ಎಂಬುದು ಆಮೇಲೆ ತಿಳಿಯಿತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ಸಾಫ್ಟ್‌ವೇರ್ ತಂತ್ರಜ್ಞರು ವಾರಕ್ಕೆ ಎರಡು ದಿನ ಕೆಲವೇ ಮೇಜುಗಳನ್ನು ಹಾಕಿ ಇದನ್ನು ಆರಂಭಿಸಿದಾಗ, ಒಬ್ಬಂಟಿ ದುಡಿಮೆಯ ಸ್ವಾತಂತ್ರ್ಯವೂ ಕಚೇರಿಯ ಶಿಸ್ತು ಮತ್ತು ಒಡನಾಟವೂ ಒಟ್ಟಿಗೆ ಸಿಗಬೇಕೆಂಬುದು ಅವರ ಉದ್ದೇಶವಾಗಿತ್ತು. ಅಲ್ಲಿ ಒಟ್ಟಿಗೆ ಊಟವಿತ್ತು, ಧ್ಯಾನಕ್ಕೆ ಬಿಡುವಿತ್ತು, ಸಂಜೆ 5.45ಕ್ಕೆ ಕಡ್ಡಾಯವಾಗಿ ಮುಚ್ಚುವ ನಿಯಮವಿತ್ತು. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತೇವೆಂದು ಹೆಮ್ಮೆಯಿಂದ ಫಲಕ ಹಾಕುವ ಇಂದಿನ ಕಚೇರಿಗಳಲ್ಲಿ ಆ ಮೊದಲ ನಿಯಮವೇ ಮೊದಲು ಕಳೆದುಹೋದಂತಿದೆ.

ಒಡನಾಟದ ಲಾಭವೂ ಆಗಿದೆ. ಪಕ್ಕದ ಮೇಜಿನಲ್ಲಿ ತೆರಿಗೆ ಸಲಹೆಗಾರರೊಬ್ಬರಿದ್ದಾರೆ. ನಾನು ಬಾಕಿ ವಸೂಲಿಗೆ ಪ್ರಕಾಶಕರೊಬ್ಬರಿಗೆ ನಾಲ್ಕನೆಯ ಸಲ ಫೋನು ಮಾಡಿ ದೀನವಾಗಿ ಮಾತಾಡಿದ್ದನ್ನು ಕೇಳಿಸಿಕೊಂಡು, 'ಉದ್ಯಮ್ ನೋಂದಣಿ ಮಾಡಿಸಿದ್ದೀರಾ?' ಎಂದರು. ಅದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯಿತು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಬಡ್ಡಿ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಆದರೆ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ '45 ದಿನ' ಎಂಬ ಒಂದು ಸಾಲನ್ನೂ ಸೇರಿಸಿದಂದಿನಿಂದ ಫೋನಿನಲ್ಲಿ ನನ್ನ ದನಿ ಬದಲಾಗಿದೆ ಎಂದು ಆ ಸಲಹೆಗಾರರೇ ಹೇಳಿದರು.

ಇನ್ನು ಕುಂದುಗಳು. ಫೋನಿನಲ್ಲಿ ಮಾತಾಡಲು ಕಟ್ಟಿಸಿರುವ ಗಾಜಿನ ಗೂಡಿನಲ್ಲಿ ಗಾಳಿಯಾಡುವುದಿಲ್ಲ; ಹತ್ತು ನಿಮಿಷ ಕಳೆದರೆ ಬೆವರುತ್ತದೆ. ಕರೆಂಟು ಹೋದರೆ ಯುಪಿಎಸ್ ಮೇಲೆ ಇಂಟರ್ನೆಟ್ ಓಡುತ್ತದೆ, ಫ್ಯಾನು ಓಡುವುದಿಲ್ಲ. ಯಂತ್ರದ ಕಾಫಿಯನ್ನು ಮೈಸೂರಿನವರು ಕುಡಿಯಬೇಕೆಂದು ಬಯಸುವುದು ಸ್ವಲ್ಪ ಹೆಚ್ಚಾಯಿತು. ಶುಕ್ರವಾರ ಸಂಜೆಯ ಪರಿಚಯ ಕೂಟ ಎಂಬುದೊಂದಿದೆ; ಅಲ್ಲಿ ಎಲ್ಲರೂ ವಹಿವಾಟನ್ನು ಎಷ್ಟು ಪಟ್ಟು ಹೆಚ್ಚಿಸಿದೆವೆಂದು ಹೇಳಿಕೊಳ್ಳುತ್ತಾರೆ, ತಿಂಗಳಿಗೆ ಮೂರು ಪುಸ್ತಕಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ ಎಂದ ನನ್ನನ್ನು ಕಾಯಿಲೆಯವರನ್ನು ನೋಡುವಂತೆ ನೋಡಿದರು. ನಾನು ಈಗ ಹೋಗುವುದಿಲ್ಲ.

ವಾರಕ್ಕೆ ಎರಡೋ ಮೂರೋ ದಿನ ಮಾತ್ರ ಕೆಲಸವಿರುವವರಿಗೆ ಈ ಬಾಡಿಗೆ ದುಬಾರಿ. ಅಂಥವರು ದಿನದ ಲೆಕ್ಕದಲ್ಲಿ ಕೊಡುವ ಕಡೆ ವಿಚಾರಿಸಬಹುದು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯೂ ಆ ಬಾಗಿಲನ್ನು ಗೌರವಿಸುವ ಜನರೂ ಇದ್ದರೆ ಇದು ಬೇಕೇ ಇಲ್ಲ.

ಕಳೆದ ವಾರ ಕಚೇರಿಯನ್ನು ರಾತ್ರಿ ಹತ್ತರವರೆಗೆ ತೆರೆದಿಡಬೇಕೇ ಎಂದು ಕೇಳಿ ಬಾಗಿಲ ಬಳಿ ಒಂದು ಹಾಳೆ ಅಂಟಿಸಿದ್ದರು. ನಾನು ನೋಡುವಷ್ಟರಲ್ಲಿ ಏಳು ಜನ 'ಬೇಕು' ಎಂದು ಬರೆದು ಸಹಿ ಹಾಕಿದ್ದರು. ನಾನು ಕೆಳಗೆ 'ಬೇಡ' ಎಂದು ಬರೆದೆ. ಮಾರನೆಯ ದಿನ ನೋಡಿದರೆ, ಅದರ ಕೆಳಗೆ ತೆರಿಗೆ ಸಲಹೆಗಾರರ ಸಹಿಯೂ, ಪೆನ್ಸಿಲಿನಲ್ಲಿ ಆ ಸಹಾಯಕರ ಸಹಿಯೂ ಇದ್ದವು.