ಯಾವ ನೋರಾಳನ್ನು ಓದುವುದು?

ನಾರ್ವೆಯ ನಾಟಕಕಾರ ಇಬ್ಸನ್‌ನ ‘ಎ ಡಾಲ್ಸ್ ಹೌಸ್’ ನಾಟಕವನ್ನು ಇತ್ತೀಚೆಗೆ ಹೊಸದಾಗಿ ಕಟ್ಟಿದ ಮೂರು ಪುಸ್ತಕಗಳನ್ನು ಕೊಂಡೆ. ಮತ್ತೆ ಮತ್ತೆ ಕೈ ಹೋಗುವುದು ಲ್ಯೂಕಸ್ ನೇಥ್ ಬರೆದ ‘ಎ ಡಾಲ್ಸ್ ಹೌಸ್, ಪಾರ್ಟ್ 2’ ಕಡೆಗೇ. ಉಳಿದೆರಡನ್ನು ಬರೆದವರು ಹೆಂಗಸರು, ನನಗೆ ಹಿಡಿಸಿದ್ದು ಗಂಡಸು ಬರೆದದ್ದು. ನಮ್ಮ ಓದುಕೂಟದವರು ಈ ಕಾರಣಕ್ಕೆ ನನ್ನನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದಾರೆ.

ನಮ್ಮದು ರಂಗಮಂದಿರವಲ್ಲ, ಮನೆಯ ಹಜಾರ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತೇವೆ. ಓದು ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಕೊನೆಯ ಬಸ್ಸಿಗೆ ಮೊದಲು ಎಲ್ಲವೂ ಮುಗಿಯಬೇಕು. 1879ರ ಮೂಲದಲ್ಲಿ ಖೋಟಾ ಸಹಿ ಹಾಕಿ ಗುಟ್ಟಾಗಿ ಸಾಲ ಮಾಡಿದ್ದ ನೋರಾ ಕೊನೆಗೆ ಗಂಡ, ಮಕ್ಕಳನ್ನು ಬಿಟ್ಟು ಬಾಗಿಲೆಳೆದುಕೊಂಡು ಹೋದದ್ದು ಎಲ್ಲರಿಗೂ ಗೊತ್ತಿರುವುದೇ.

ತೊಡಕು ಎದ್ದದ್ದು ಸ್ಟೆಫ್ ಸ್ಮಿತ್ ಅವರ ‘ನೋರಾ: ಎ ಡಾಲ್ಸ್ ಹೌಸ್’ ಓದುವಾಗ. 2019ರಲ್ಲಿ ಗ್ಲಾಸ್ಗೋದಲ್ಲಿ ಮೊದಲ ಬಾರಿಗೆ ರಂಗವೇರಿದ ಈ ನಾಟಕದಲ್ಲಿ ನೋರಾ ಒಬ್ಬಳಲ್ಲ, ಮೂವರು. ಒಬ್ಬಳು 1918ರವಳು, ಬ್ರಿಟನ್ನಿನ ಕೆಲವು ಹೆಂಗಸರಿಗೆ ಮತದ ಹಕ್ಕು ಸಿಕ್ಕ ವರ್ಷ. ಇನ್ನೊಬ್ಬಳು 1968ರವಳು, ಅಲ್ಲಿ ಗರ್ಭಪಾತದ ಹೊಸ ಕಾನೂನು ಜಾರಿಗೆ ಬಂದ ವರ್ಷ. ಮೂರನೆಯವಳು 2018ರವಳು. ಕಾಯ್ದೆ ಬದಲಾದರೂ ಸಾಲದ ಕುಣಿಕೆ ಮೂವರ ಕೊರಳಲ್ಲೂ ಇದೆ. ಹೂಟವೇನೋ ಗಟ್ಟಿಯಾಗಿದೆ.

ಆದರೆ ಒಂದು ಕಾಲದಲ್ಲಿ ನೋರಾ ಆಗಿದ್ದವಳೇ ಇನ್ನೊಂದು ಕಾಲದಲ್ಲಿ ಗೆಳತಿ ಕ್ರಿಸ್ಟೀನ್ ಆಗುತ್ತಾಳೆ. ಮೂವರ ಗಂಡನೂ ಒಬ್ಬನೇ ನಟ. ರಂಗದ ಮೇಲಾದರೆ ಉಡುಪು, ಬೆಳಕು, ನಿಲ್ಲುವ ಭಂಗಿ ಇದನ್ನೆಲ್ಲ ಬಿಡಿಸಿ ತೋರಿಸುತ್ತವೆ. ಕುರ್ಚಿಯಲ್ಲಿ ಕೂತು ಓದುವವರ ಬಳಿ ಇರುವುದು ಬರೀ ದನಿ. ಕಾಲು ಗಂಟೆಯಲ್ಲೇ ಕೇಳುತ್ತಿದ್ದವರು “ಈಗ ಯಾವ ಇಸವಿ?” ಎನ್ನತೊಡಗಿದರು.

ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಇಸವಿ ಬರೆದು, ಮೂವರ ಕೊರಳಿಗೂ ನೇತುಹಾಕಿದೆವು. ನೋರಾ ಕ್ರಿಸ್ಟೀನ್ ಆದಾಗಲೆಲ್ಲ ರಟ್ಟು ಬದಲಾಯಿಸಬೇಕು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ದಾರದ ಗಂಟು. ಅಷ್ಟರಲ್ಲಿ ಗಂಡನ ಪಾತ್ರ ಓದುತ್ತಿದ್ದವರು 1918ರವಳಿಗೆ ಹೇಳಬೇಕಾದದ್ದನ್ನು 2018ರವಳ ಕಡೆ ತಿರುಗಿ ಹೇಳಿದರು. ಅವಳು ಉತ್ತರ ಕೊಟ್ಟಳು, ಮಾತು ಹೊಂದಿಕೊಂಡೂ ಬಿಟ್ಟಿತು! ನಾಟಕದ ಉದ್ದೇಶವೇ ಅದು ಎಂದು ಒಬ್ಬರು ವಾದಿಸಿದರು. ಇರಬಹುದು, ಆದರೆ ಅಲ್ಲಿಂದ ಮುಂದೆ ಯಾರು ಯಾವ ಪುಟದಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ.

ತನಿಕಾ ಗುಪ್ತಾ ಅವರದು ಸುಸೂತ್ರವಾಗಿ ಸಾಗಿತು. ಲಂಡನ್ನಿನ ಲಿರಿಕ್ ಹ್ಯಾಮರ್‌ಸ್ಮಿತ್‌ನಲ್ಲಿ 2019ರಲ್ಲಿ ಬಂದ ಈ ರೂಪದಲ್ಲಿ ಕಥೆ ನಡೆಯುವುದು 1879ರ ಕಲ್ಕತ್ತೆಯಲ್ಲಿ. ನೋರಾ ಇಲ್ಲಿ ಬಂಗಾಳಿ ಹೆಣ್ಣು ನಿರು, ಗಂಡ ಟಾಮ್ ಇಂಗ್ಲಿಷ್ ಅಧಿಕಾರಿ. ಅವನ ಮುದ್ದುಮಾತಿನಲ್ಲೇ ಸರ್ಕಾರದ ದರ್ಪ ಕೇಳಿಸುತ್ತದೆ. ಆದರೂ ಮೂಲದ ಹಾದಿಯನ್ನೇ ಹಿಡಿಯುವುದರಿಂದ ಮುಂದೇನು ಎಂಬ ಕುತೂಹಲ ನನಗೆ ಹುಟ್ಟಲಿಲ್ಲ.

ನೇಥ್ ನಾಟಕ ಶುರುವಾಗುವುದೇ ಬಾಗಿಲು ಬಡಿಯುವುದರಿಂದ. ಹದಿನೈದು ವರ್ಷದ ನಂತರ ನೋರಾ ಬಂದಿದ್ದಾಳೆ, ಹೆಸರು ಮರೆಸಿಕೊಂಡ ಯಶಸ್ವಿ ಲೇಖಕಿಯಾಗಿ. ಗಂಡ ವಿಚ್ಛೇದನದ ಅರ್ಜಿಯನ್ನೇ ಹಾಕಿಲ್ಲವೆಂದು ಅವಳಿಗೆ ಈಗ ಗೊತ್ತಾಗಿದೆ. ಅಂದರೆ ಅವಳು ಇನ್ನೂ ಅವನ ಹೆಂಡತಿ, ಗಂಡನ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಕರಾರುಗಳೆಲ್ಲ ಕಾನೂನಿಗೆ ವಿರುದ್ಧ. ಅಮ್ಮ ಹಿಂದೆ ಖೋಟಾ ಸಹಿ ಹಾಕಿದ್ದಳಷ್ಟೇ. ಮಗಳು ಎಮ್ಮಿ ಈಗ ಖೋಟಾ ಮರಣಪತ್ರದ ಉಪಾಯ ಹೇಳುತ್ತಾಳೆ!

ನನ್ನನ್ನು ಗೆದ್ದದ್ದು ಮುದುಕಿ ದಾದಿ ಆನ್ ಮರಿ. ನೋರಾಳನ್ನು ಸಾಕಲು ತನ್ನ ಮಗುವನ್ನೇ ಬೇರೆಯವರಿಗೆ ಒಪ್ಪಿಸಿದವಳು ಎಂದು ಇಬ್ಸನ್ ಬರೆದಾಗಿತ್ತು, ಓದಿ ಮುಂದೆ ಹೋಗಿಬಿಡುತ್ತಿದ್ದೆವು. ನೇಥ್ ಅವಳಿಗೆ ಬಾಯಿ ಕೊಟ್ಟಿದ್ದಾನೆ. ನೀನು ಹೊರಟುಹೋದೆ, ನಿನ್ನ ಮಕ್ಕಳನ್ನೂ ನಾನೇ ಬೆಳೆಸಿದೆ ಎಂದು ಅವಳು ಕೆಟ್ಟ ಮಾತು ಸೇರಿಸಿಯೇ ಬೈಯುತ್ತಾಳೆ. ಒಬ್ಬಳ ಬಿಡುಗಡೆಯ ಖರ್ಚು ಇನ್ನೊಬ್ಬ ಹೆಂಗಸಿನ ಲೆಕ್ಕಕ್ಕೆ ಬಿದ್ದದ್ದನ್ನು ಉಳಿದೆರಡು ನಾಟಕಗಳು ಇಷ್ಟು ನೇರವಾಗಿ ಕೇಳುವುದಿಲ್ಲ. ಇದು ಸ್ತ್ರೀವಾದವೇ ಅಲ್ಲ, ನೋರಾಳ ಮೇಲೆ ದೂರು ಎಂದು ಗೆಳತಿಯೊಬ್ಬಳು ಸಿಡುಕಿದಳು. ಕೊನೆಗೂ ನೋರಾ ಸೋತು ಕೂರುವುದಿಲ್ಲ, ಮತ್ತೆ ಹೊರಡುತ್ತಾಳೆ ಎಂಬುದೇ ನನ್ನ ಉತ್ತರ.

ಪಾತ್ರ ನಾಲ್ಕೇ, ನಾಲ್ಕು ಪ್ರತಿ ಸಾಕು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬೆಳಕಿನ ವ್ಯವಸ್ಥೆಯೂ ಮೂವರು ಒಳ್ಳೆಯ ನಟಿಯರೂ ಇರುವ ತಂಡವಾದರೆ ಸ್ಮಿತ್ ಕೊಳ್ಳಿ. ಯಾವುದನ್ನೇ ಟಿಕೆಟ್ ಇಟ್ಟು ಆಡುವುದಾದರೂ ಹಕ್ಕುದಾರರ ಅನುಮತಿ, ಗೌರವಧನದ ಖರ್ಚು ಬೇರೆ. ನಮ್ಮ ಹಜಾರಕ್ಕೆ ‘ಪಾರ್ಟ್ 2’ ಸಾಕು. ಮುಂದಿನ ಸಲ ಆನ್ ಮರಿ ಪಾತ್ರ ನನಗೇ ಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.